ಅರ್ಧ ಮಾತ್ರೆ ಕೊಟ್ಟರೆ ಏನಾಗುತ್ತೆ ಡಾಕ್ಟ್ರೇ?

ಪ್ರಶ್ನೆ: ನಾವು ಮಂಡ್ಯದವರು. ನಮ್ಮ ಲ್ಯಾಬ್ರಡಾರ್ ಜಿಮ್ಮಿಗೆ ಒಂಬತ್ತು ವರ್ಷ, ತೂಕ 36 ಕೆ.ಜಿ. ಈಚೆಗೆ ಬೆಳಿಗ್ಗೆ ಎದ್ದೇಳೋಕೆ ಕಷ್ಟಪಡುತ್ತಾನೆ, ಹಿಂಗಾಲು ಎಳೆಯುತ್ತಾನೆ. ನಮ್ಮ ಅತ್ತೆಯವರ ಮಂಡಿ ನೋವಿಗೆ ಡಾಕ್ಟರು ಬರೆದುಕೊಟ್ಟಿದ್ದ ಅಸೆಕ್ಲೊಫೆನಾಕ್ 100, ಪ್ಯಾರಾಸಿಟಮಾಲ್ 325 ಇರುವ ಮಾತ್ರೆ ಮನೆಯಲ್ಲಿತ್ತು. ಮೆಡಿಕಲ್ ಶಾಪಿನಲ್ಲಿ ಕೇಳಿದೆವು. "ಮಗೂಗೆ ಕೊಡೋ ಹಾಗೆ ಅರ್ಧ ಕೊಡಿ, ಏನೂ ಆಗಲ್ಲ" ಅಂದರು. ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಕೊಟ್ಟೆವು. ಮೊದಲ ದಿನವೇ ಚೆನ್ನಾಗಿ ಓಡಾಡಿದ. ಮೂರು ದಿನ ಹಾಗೇ ಮುಂದುವರಿಸಿದೆವು. ನಾಲ್ಕನೇ ದಿನ ಊಟ ಬಿಟ್ಟ, ಎರಡು ಸಲ ವಾಂತಿ ಮಾಡಿದ. ಕಕ್ಕ ಕಪ್ಪಗೆ, ಅಂಟಂಟಾಗಿ ಬರುತ್ತಿದೆ. ಇದು ಮಾತ್ರೆಯಿಂದ ಆಗಿದ್ದೋ, ಅದಕ್ಕೂ ಮುಂಚೆ ಬಾಡೂಟದ ಮೂಳೆ ತಿಂದಿದ್ದಕ್ಕೋ? ಇನ್ನೊಂದು ಪ್ರಶ್ನೆ. ನಮ್ಮ ಬೆಕ್ಕು ಚಿನ್ನು, 3 ಕೆ.ಜಿ., ಸಜ್ಜದಿಂದ ಬಿದ್ದು ಮುಂಗಾಲು ಊರುತ್ತಿಲ್ಲ. ಅದಕ್ಕೆ ಪ್ಯಾರಾಸಿಟಮಾಲ್ 650 ಮಾತ್ರೆಯಲ್ಲಿ ಕಾಲು ಭಾಗ ಕೊಡಬಹುದಾ? ಅದು ಮಕ್ಕಳಿಗೂ ಕೊಡೋ ಔಷಧಿ ಅಲ್ವಾ?

ಉತ್ತರ: ಈ ಪತ್ರ ಬಂದ ದಿನವೇ ಇವರಿಗೆ ಫೋನ್ ಮಾಡಿ ಎರಡು ಮಾತು ಹೇಳಿದೆ. ಜಿಮ್ಮಿಗೆ ಮಾತ್ರೆ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚಿನ್ನುವಿಗೆ ಏನೂ ಕೊಡಬೇಡಿ, ಬಾಯಿಗೆ ಒಂದು ಚೂರೂ ಬೇಡ. ಜಿಮ್ಮಿಗೆ ಈಗ ಡ್ರಿಪ್ ನಡೆಯುತ್ತಿದೆ. ಇದೇ ಪ್ರಶ್ನೆಯನ್ನು ಮೈಸೂರು, ಮಂಡ್ಯ ಕಡೆಯ ಬಹಳ ಜನ ನನ್ನ ಹತ್ತಿರ ಕೇಳುತ್ತಾರೆ. ಕೆಲವರು ಮಾತ್ರೆ ಕೊಡುವ ಮುಂಚೆ, ಜಾಸ್ತಿ ಜನ ಕೊಟ್ಟ ಮೇಲೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕಪ್ಪು ಮಲದ ವಿಷಯ. ಹೊಟ್ಟೆಯಲ್ಲಿ ಅಥವಾ ಸಣ್ಣ ಕರುಳಿನ ಮೇಲ್ಭಾಗದಲ್ಲಿ ರಕ್ತ ಸೋರಿದರೆ ಅದು ಜೀರ್ಣವಾಗಿ ಕಪ್ಪಾಗುತ್ತದೆ, ಟಾರಿನ ಹಾಗೆ ಅಂಟುತ್ತದೆ. ಮೂಳೆ ತಿಂದ ನಾಯಿಯ ಮಲ ಸಾಮಾನ್ಯವಾಗಿ ಬೆಳ್ಳಗೆ, ಸೀಮೆಸುಣ್ಣದಂತೆ ಗಟ್ಟಿಯಾಗಿರುತ್ತದೆ. ತಿಣುಕಿ ತಿಣುಕಿ ಹೋಗುವಾಗ ಕೊನೆಯಲ್ಲಿ ಕೆಂಪು ರಕ್ತ ಕಾಣಬಹುದು. ಹಾಗಾಗಿ ಇಲ್ಲಿ ಮೂಳೆಗಿಂತ ಮಾತ್ರೆಯ ಮೇಲೇ ನನಗೆ ಅನುಮಾನ. ಐರನ್ ಟಾನಿಕ್ ಕುಡಿಸಿದರೂ, ಲಿವರ್ ಜಾಸ್ತಿ ತಿನ್ನಿಸಿದರೂ ಮಲ ಕಪ್ಪಾಗುವುದುಂಟು. ಗೊಂದಲವಿದ್ದರೆ ಬಿಳಿ ಟಿಶ್ಯೂ ಮೇಲೆ ಸ್ವಲ್ಪ ಮಲ ಇಟ್ಟು ನೀರು ಹನಿಸಿ. ಅಂಚಿನಲ್ಲಿ ಕೆಂಪು ಬಣ್ಣ ಹರಡಿದರೆ ಅದು ರಕ್ತ. ಹರಡದೆ ಇದ್ದರೂ, ನಾಯಿ ಊಟ ಬಿಟ್ಟಿದ್ದರೆ ಕಾಯಬೇಡಿ.

ಈಗ ನಿಮ್ಮ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆಗೆ ಬರೋಣ. "ಮೊದಲ ದಿನವೇ ಚೆನ್ನಾಗಿ ಓಡಾಡಿದ" ಅಂತ ಬರೆದಿದ್ದೀರಿ. ನೋವು ಕಡಿಮೆ ಮಾಡಿದ ಔಷಧಿಯೇ ಹೇಗೆ ವಿಷವಾಗುತ್ತದೆ ಎನ್ನುವುದು ನಿಮ್ಮ ಗೊಂದಲ. ಉತ್ತರ ಇಷ್ಟೇ: ನೋವು ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ, ಹಾನಿ ಎರಡು ಮೂರು ದಿನ ಬಿಟ್ಟು ಕಾಣುತ್ತದೆ. ಎರಡೂ ಒಂದೇ ಕಾರಣದಿಂದ ಆಗುತ್ತವೆ. ಮೊದಲ ದಿನದ ಓಡಾಟ ನೋಡಿ "ನಮ್ಮ ನಾಯಿಗೆ ಒಗ್ಗಿತು" ಅಂದುಕೊಂಡು ಎರಡನೇ ದಿನವೂ ಕೊಡುತ್ತೇವೆ. ನಾನು ನೋಡುವ ಕೇಸುಗಳಲ್ಲಿ ಒಂದೇ ಅರ್ಧ ಮಾತ್ರೆಯಿಂದ ಕೆಟ್ಟಿದ್ದಕ್ಕಿಂತ, ಗುಣ ಕಂಡಿತು ಅಂತ ಮುಂದುವರಿಸಿ ಕೆಟ್ಟಿದ್ದೇ ಜಾಸ್ತಿ.

ಒಳಗೆ ನಡೆಯುವುದು ಇದು. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳಿವೆ. ಕೀಲಿನಲ್ಲಿ ಊತ, ನೋವು ತರುವುದು ಅವೇ. ಹೊಟ್ಟೆಯ ಒಳಗೋಡೆಯನ್ನು ಆಮ್ಲದಿಂದ ಕಾಯುವುದೂ ಅವೇ. ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದರಲ್ಲೂ ಅವುಗಳ ಪಾಲಿದೆ. ಅಸೆಕ್ಲೊಫೆನಾಕ್, ಡಿಕ್ಲೊಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್ ಎಲ್ಲವೂ ಈ ರಾಸಾಯನಿಕಗಳ ತಯಾರಿಕೆಯನ್ನೇ ತಡೆಯುತ್ತವೆ. ಕೀಲಿನ ನೋವು ಇಳಿಯುತ್ತದೆ, ಹೊಟ್ಟೆಯ ಕಾವಲೂ ಹೋಗುತ್ತದೆ. ಹುಣ್ಣಾಗುತ್ತದೆ, ರಕ್ತ ಸೋರುತ್ತದೆ. ವಾಂತಿಯಿಂದ ನೀರಿನಂಶ ಕಡಿಮೆಯಾದ ನಾಯಿಗೆ ಇನ್ನೊಂದು ಮಾತ್ರೆ ಬಿದ್ದರೆ ಮೂತ್ರಪಿಂಡಕ್ಕೂ ಪೆಟ್ಟು.

"ಮನುಷ್ಯರಿಗೂ ಹೀಗೇ ಆಗಬೇಕಲ್ವಾ?" ಅಂತ ಕೇಳಬಹುದು. ಆಗುತ್ತದೆ. ಅದಕ್ಕೇ ಅತ್ತೆಯವರ ಚೀಟಿಯಲ್ಲಿ ಗ್ಯಾಸ್ಟ್ರಿಕ್ ಮಾತ್ರೆಯೂ ಇದ್ದಿರಬಹುದು, ನೋಡಿ. ಆದರೆ ನಾಯಿಯಲ್ಲಿ ಇಂಥ ಹಲವು ಔಷಧಿಗಳು ಬೇಗ ಹೊರಗೆ ಹೋಗುವುದಿಲ್ಲ. ಯಕೃತ್ತಿನಿಂದ ಪಿತ್ತರಸದ ಜೊತೆ ಕರುಳಿಗೆ ಇಳಿದು, ಅಲ್ಲಿಂದ ಮತ್ತೆ ರಕ್ತಕ್ಕೆ ಸೇರಿಕೊಳ್ಳುತ್ತವೆ. ನ್ಯಾಪ್ರೊಕ್ಸೆನ್ ತೆಗೆದುಕೊಳ್ಳಿ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ಮನುಷ್ಯರಲ್ಲಿ 12ರಿಂದ 17 ಗಂಟೆ ಸಾಕು. ನಾಯಿಯಲ್ಲಿ ಸುಮಾರು 3 ದಿನ ಬೇಕು. ಹೀಗಿರುವಾಗ ಬೆಳಿಗ್ಗೆ ರಾತ್ರಿ ಕೊಟ್ಟರೆ ಒಂದರ ಮೇಲೊಂದು ಸೇರುತ್ತಲೇ ಹೋಗುತ್ತದೆ. "ಮಗುವಿನ ತೂಕ, ಮಗುವಿನ ಡೋಸು" ಎಂಬ ಲೆಕ್ಕ ತಪ್ಪುವುದು ಇಲ್ಲೇ. ತೂಕ ಸರಿ ಹೊಂದಬಹುದು, ಯಕೃತ್ತು ಹೊಂದುವುದಿಲ್ಲ. ಮೆಡಿಕಲ್ ಶಾಪಿನವರನ್ನು ಬೈಯಬೇಡಿ. ಅವರು ಓದಿದ್ದು ಮನುಷ್ಯರ ಔಷಧಿ. ನೀವು ಕೇಳಿದಿರಿ, ಅವರಿಗೆ ತೋಚಿದ್ದು ಹೇಳಿದರು.

ಜಿಮ್ಮಿಯ ಮಾತ್ರೆಯಲ್ಲಿ ಎರಡು ಔಷಧಿ ಇತ್ತಲ್ಲ. ಅರ್ಧ ಮಾತ್ರೆಯಲ್ಲಿದ್ದ ಪ್ಯಾರಾಸಿಟಮಾಲ್ ಸುಮಾರು 162 ಮಿ.ಗ್ರಾಂ. 36 ಕೆ.ಜಿ. ನಾಯಿಗೆ ಅದರಿಂದ ಇಷ್ಟು ತೊಂದರೆ ಆಗುವುದಿಲ್ಲ. ತೊಂದರೆ ಕೊಟ್ಟಿದ್ದು ಅಸೆಕ್ಲೊಫೆನಾಕ್. ಹಾಗಂತ ಪ್ಯಾರಾಸಿಟಮಾಲ್ ನಾಯಿಗೆ ನಿರಪಾಯ ಅಂತ ತಿಳಿಯಬೇಡಿ. 4 ಕೆ.ಜಿ.ಯ ಪೊಮೆರೇನಿಯನ್ ಒಂದು 650ರ ಮಾತ್ರೆ ನುಂಗಿದರೆ ಕೆ.ಜಿ.ಗೆ 160 ಮಿ.ಗ್ರಾಂ ದಾಟುತ್ತದೆ. ಅದು ಯಕೃತ್ತು ಕೆಡಿಸುವ ಪ್ರಮಾಣ.

ಅಸೆಕ್ಲೊಫೆನಾಕ್ ಬಗ್ಗೆ ಇನ್ನೊಂದು ವಿಷಯ ಹಳ್ಳಿ ಕಡೆಯವರಿಗೂ ಗೊತ್ತಿರಬೇಕು. ನಮ್ಮ ದೇಶದಲ್ಲಿ ಪ್ರಾಣಿಗಳಿಗೆ ಡಿಕ್ಲೊಫೆನಾಕ್ ಬಳಸುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ. ಆ ಇಂಜೆಕ್ಷನ್ ಹಾಕಿಸಿಕೊಂಡ ಹಸು, ಎಮ್ಮೆ ಸತ್ತರೆ, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವೂ ಸಾಯುತ್ತಿದ್ದವು. ಬೆಂಗಳೂರಿಗೆ ಹೋಗುವಾಗ ರಾಮನಗರದ ರಾಮದೇವರ ಬೆಟ್ಟ ನೋಡುತ್ತೀರಲ್ಲ, ಅಲ್ಲಿ ರಣಹದ್ದುಗಳಿಗೆ ಅಂತಲೇ ಅಭಯಾರಣ್ಯ ಮಾಡಬೇಕಾಗಿ ಬಂದಿದೆ. ನಿಷೇಧದ ಮೇಲೂ ಮನುಷ್ಯರಿಗಿರುವ ದೊಡ್ಡ ಬಾಟಲಿ ತಂದು ದನಕ್ಕೆ ಚುಚ್ಚುತ್ತಿದ್ದರು. ಹಾಗಾಗಿ 2015ರಲ್ಲಿ ಮನುಷ್ಯರ ಡಿಕ್ಲೊಫೆನಾಕ್ ಇಂಜೆಕ್ಷನ್ 3 ಮಿ.ಲೀ. ಮೀರಬಾರದು ಅಂತ ನಿಯಮ ಬಂತು. ಅಸೆಕ್ಲೊಫೆನಾಕ್ ಹಸುವಿನ ದೇಹದಲ್ಲಿ ಡಿಕ್ಲೊಫೆನಾಕ್ ಆಗಿಯೇ ಬದಲಾಗುತ್ತದೆ. ಅದನ್ನೂ ಕೀಟೊಪ್ರೊಫೇನನ್ನೂ ಪ್ರಾಣಿಗಳಿಗೆ ಬಳಸದಂತೆ 2023ರಲ್ಲಿ ನಿಷೇಧಿಸಲಾಯಿತು. ಅಂದರೆ ಜಿಮ್ಮಿಗೆ ಕೊಟ್ಟ ಮಾತ್ರೆಯನ್ನು ಯಾವ ಪಶುವೈದ್ಯರೂ ಬರೆದುಕೊಡುವುದಿಲ್ಲ.

ಇನ್ನು ಚಿನ್ನು. ಬೆಕ್ಕಿನ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡುವ ಸುರಕ್ಷಿತ ಪ್ರಮಾಣ ಅಂತ ಒಂದಿಲ್ಲ. ಅರ್ಧವೂ ಇಲ್ಲ, ಕಾಲೂ ಇಲ್ಲ, ಮಕ್ಕಳ ಸಿರಪ್ಪಿನ ಒಂದು ಹನಿಯೂ ಬೇಡ. ಡೋಲೊ, ಕ್ರೋಸಿನ್, ಕಾಲ್ಪಾಲ್ ಅಂತ ಹೆಸರು ಬೇರೆ ಬೇರೆ ಇದ್ದರೂ ಒಳಗಿರುವುದು ಅದೇ. ಶೀತದ ಮಾತ್ರೆಗಳಲ್ಲೂ ಅದು ಇರುತ್ತದೆ.

ಕಾರಣ ಇದು. ಮನುಷ್ಯರ ಯಕೃತ್ತು ಪ್ಯಾರಾಸಿಟಮಾಲಿಗೆ ಒಂದು ಬಗೆಯ ಸಕ್ಕರೆಯಿಂದ ಬಂದ ಅಂಶವನ್ನು ಅಂಟಿಸಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಅದನ್ನು ಅಂಟಿಸುವ ಕಿಣ್ವ ಬೆಕ್ಕಿನಲ್ಲಿ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಔಷಧಿ ಬೇರೆ ದಾರಿ ಹಿಡಿದು ವಿಷದ ರೂಪಕ್ಕೆ ತಿರುಗುತ್ತದೆ. ಆ ವಿಷ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸುತ್ತದೆ. ರಕ್ತ ಇರುತ್ತದೆ, ಅದಕ್ಕೆ ಆಮ್ಲಜನಕ ಹೊರುವ ಶಕ್ತಿ ಇರುವುದಿಲ್ಲ. ಕೆ.ಜಿ.ಗೆ 10 ಮಿ.ಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲೂ ಬೆಕ್ಕುಗಳಿಗೆ ವಿಷವೇರಿದ ಉದಾಹರಣೆಗಳಿವೆ. ನೀವು ಕೊಡಬೇಕೆಂದಿದ್ದ ಕಾಲು ಮಾತ್ರೆ ಅಂದರೆ 162 ಮಿ.ಗ್ರಾಂ. ಚಿನ್ನುವಿನ ತೂಕಕ್ಕೆ ಕೆ.ಜಿ.ಗೆ 54 ಮಿ.ಗ್ರಾಂ. ಕೊಡುವ ಮುಂಚೆ ಕೇಳಿದಿರಿ, ಒಳ್ಳೆಯದಾಯಿತು.

ಯಾರಾದರೂ ಆಗಲೇ ಕೊಟ್ಟಿದ್ದರೆ ಲಕ್ಷಣ ಗಮನಿಸುತ್ತಾ ಕೂರಬೇಡಿ. ಒಸಡು ನೀಲಿಗೆ ಅಥವಾ ಕಂದು ಬಣ್ಣಕ್ಕೆ ತಿರುಗುವುದು, ಮುಖ ಮತ್ತು ಪಾದ ಊದುವುದು, ಏದುಸಿರು, ಜೊಲ್ಲು, ಇವೆಲ್ಲ ಕೆಲವೇ ಗಂಟೆಗಳಲ್ಲಿ ಬರುತ್ತವೆ. ಇದಕ್ಕೆ ಪ್ರತ್ಯೌಷಧ ಇದೆ, ಅಸಿಟೈಲ್‌ಸಿಸ್ಟೀನ್. ತಮಾಷೆ ಅಂದರೆ ಅದೂ ಮನುಷ್ಯರ ಔಷಧಿಯೇ, ಕಫ ಕರಗಿಸಲು ಕೊಡುತ್ತಾರೆ. ಡೋಸ್ ಲೆಕ್ಕ ಮಾಡಿ ಕೊಡುವ ಕೆಲಸ ವೈದ್ಯರದ್ದು. ಎಷ್ಟು ಬೇಗ ಶುರುವಾದರೆ ಬದುಕುವ ಆಸೆ ಅಷ್ಟು ಜಾಸ್ತಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ನಾಯಿಗಾಗಲಿ ಬೆಕ್ಕಿಗಾಗಲಿ ಉಪ್ಪೇ ಇನ್ನೊಂದು ವಿಷವಾಗುತ್ತದೆ. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಅನ್ನುವುದೂ ಸುಳ್ಳು. ಮಾತ್ರೆಯ ಸ್ಟ್ರಿಪ್ ತೆಗೆದುಕೊಂಡು ಆಸ್ಪತ್ರೆಗೆ ಹೊರಡಿ. "ಬಿಳಿ ಮಾತ್ರೆ, ಉದ್ದಕ್ಕಿತ್ತು" ಅಂದರೆ ನಮಗೆ ಏನೂ ತಿಳಿಯುವುದಿಲ್ಲ.

ಮಾತ್ರೆ ಕೊಡಲು ಇನ್ನೊಂದು ಕಾರಣವನ್ನು ಬಹಳ ಮನೆಗಳಲ್ಲಿ ಕೇಳುತ್ತೇನೆ: "ಮೂಗು ಬಿಸಿ ಇತ್ತು, ಕಿವಿ ಬಿಸಿ ಇತ್ತು, ಜ್ವರ ಅಂತ ಕೊಟ್ವಿ." ನಾಯಿಯ ಸಹಜ ತಾಪಮಾನವೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಆರೋಗ್ಯವಾದ ನಾಯಿಯೂ ಬಿಸಿಯಾಗಿಯೇ ಕಾಣುತ್ತದೆ. ಮೂಗು ಬಿಸಿಲಲ್ಲಿ ಮಲಗಿ ಎದ್ದರೂ ಒಣಗುತ್ತದೆ. ಥರ್ಮಾಮೀಟರ್ ಇಲ್ಲದೆ ಜ್ವರ ಅನ್ನಬೇಡಿ.

ನಿಜವಾಗಿಯೂ ಜ್ವರ ಇದ್ದರೆ ನಮ್ಮ ಕಡೆ ಮೊದಲು ಅನುಮಾನ ಪಡಬೇಕಾಗಿದ್ದು ಉಣ್ಣೆ ಜ್ವರ. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾ ಎಂಬ ರೋಗಾಣುವಿನಿಂದ ಕೀಲು ನೋವೂ ಬರಬಹುದು, ನಾಯಿ ಕುಂಟಬಹುದು. ಜೊತೆಗೆ ರಕ್ತದ ಪ್ಲೇಟ್‌ಲೆಟ್ ಇಳಿದಿರುತ್ತದೆ. ರಕ್ತ ಹೆಪ್ಪುಗಟ್ಟುವುದೇ ಕಷ್ಟವಾಗಿರುವ ಆ ನಾಯಿಗೆ ಹೊಟ್ಟೆ ಕೆಡಿಸುವ ನೋವಿನ ಮಾತ್ರೆ ಕೊಟ್ಟರೆ ಏನಾಗಬಹುದು ನೀವೇ ಯೋಚಿಸಿ. ಕುಂಟುವ ನಾಯಿಗೆ ನಾನು ರಕ್ತಪರೀಕ್ಷೆ ಬರೆದಾಗ "ಕಾಲು ನೋವಿಗೆ ರಕ್ತ ಯಾಕೆ ಡಾಕ್ಟ್ರೇ?" ಅಂತ ಕೇಳುತ್ತಾರೆ. ಇದಕ್ಕೇ.

ಉಣ್ಣೆ ಜ್ವರಕ್ಕೆ ನಾವು ಬರೆಯುವ ಡಾಕ್ಸಿಸೈಕ್ಲಿನ್ ಕೂಡ ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವುದೇ. ಹೊಟ್ಟೆಯ ಆಮ್ಲ ಕಡಿಮೆ ಮಾಡಲು ಜಿಮ್ಮಿಗೆ ಈಗ ಕೊಡುತ್ತಿರುವ ಪ್ಯಾಂಟೊಪ್ರಜೋಲೂ ಅಷ್ಟೆ. ಮನುಷ್ಯರ ಔಷಧಿಗಳೆಲ್ಲ ಪ್ರಾಣಿಗೆ ವಿಷ ಅಂತ ನಾನು ಹೇಳುತ್ತಿಲ್ಲ. ಯಾವುದು ಹೊಂದುತ್ತದೆ, ಎಷ್ಟು, ಯಾವುದರ ಜೊತೆ ಕೊಡಬಾರದು ಎನ್ನುವುದು ಹೆಸರು ನೋಡಿ ಊಹಿಸುವ ವಿಷಯವಲ್ಲ. ಮೆಲಾಕ್ಸಿಕಾಮ್ ಒಳ್ಳೆಯ ಉದಾಹರಣೆ. ನಾಯಿಗೆ ನಾವೇ ಬರೆಯುವ ನೋವಿನ ಔಷಧಿ ಅದು, ದಿನಕ್ಕೆ ಕೆ.ಜಿ.ಗೆ 0.1 ಮಿ.ಗ್ರಾಂ ಹತ್ತಿರ. 5 ಕೆ.ಜಿ. ನಾಯಿಗೆ ಅರ್ಧ ಮಿ.ಗ್ರಾಂ. ಮನುಷ್ಯರ ಸಣ್ಣ ಮಾತ್ರೆಯೇ 7.5 ಮಿ.ಗ್ರಾಂ, ಅಂದರೆ ಹದಿನೈದು ಪಟ್ಟು. "ಅದೇ ಔಷಧಿ ತಾನೇ, ಇಲ್ಲಿ ಅಗ್ಗ" ಅಂತ ಒಂದು ಮಾತ್ರೆ ಕೊಟ್ಟರೆ ಮುಗಿಯಿತು. ಇನ್ನು ಕೆಲವು ಸಿರಪ್ಪುಗಳಲ್ಲಿ ಸಿಹಿಗೆ ಕ್ಸೈಲಿಟಾಲ್ ಹಾಕಿರುತ್ತಾರೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ಗಕ್ಕನೆ ಇಳಿಸುತ್ತದೆ, ಯಕೃತ್ತನ್ನೂ ಕೆಡಿಸಬಹುದು.

ಹಚ್ಚುವ ಔಷಧಿಯೂ ಸಾಚಾ ಅಲ್ಲ. ನಾಯಿ, ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕುತ್ತವೆ. ಬಾಮಿನಲ್ಲಿರುವ ಕರ್ಪೂರ, ಮೆಂಥಾಲ್, ಆಸ್ಪಿರಿನ್ ಜಾತಿಗೆ ಸೇರಿದ ಮೀಥೈಲ್ ಸ್ಯಾಲಿಸಿಲೇಟ್ ಎಲ್ಲವೂ ಹೊಟ್ಟೆಗೆ ಹೋಗುತ್ತವೆ. ಅತ್ತೆಯವರು ಮಂಡಿಗೆ ನೋವಿನ ಜೆಲ್ ಹಚ್ಚಿಕೊಂಡು ಕೂತಾಗ ಬೆಕ್ಕು ಬಂದು ತೊಡೆಯ ಮೇಲೆ ಮಲಗಿದರೂ ಅಪಾಯವೇ. ಅರಿಶಿನದ ಬಗ್ಗೆ ಕೇಳುವವರೂ ಇದ್ದಾರೆ. ಅಡುಗೆಯ ಚಿಟಿಕೆ ಅರಿಶಿನದಿಂದ ಕೆಡುಕಿಲ್ಲ. ಅದು ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ, ಹಾಗಾಗಿ ಸವೆದ ಸೊಂಟದ ಕೀಲಿಗೆ ಅದನ್ನೇ ನಂಬಿ ತಿಂಗಳುಗಟ್ಟಲೆ ಕೂರಬೇಡಿ.

ಹಾಗಾದರೆ ಜಿಮ್ಮಿಗೆ ಏನು ದಾರಿ? ಮೊದಲು ಹೊಟ್ಟೆಯ ಹುಣ್ಣು ಮಾಯಬೇಕು. ಆಮ್ಲ ಕಡಿಮೆ ಮಾಡುವ ಔಷಧಿ, ಹುಣ್ಣಿನ ಮೇಲೆ ಪದರ ಕಟ್ಟುವ ಸುಕ್ರಾಲ್ಫೇಟ್, ಡ್ರಿಪ್ ನಡೆಯುತ್ತವೆ. ಕ್ರಿಯಾಟಿನಿನ್ ಪರೀಕ್ಷೆ ಒಂದು ಸಲಕ್ಕೆ ಬಿಡಬೇಡಿ. ಮೂತ್ರಪಿಂಡದ ಶಕ್ತಿ ಸುಮಾರು ಮುಕ್ಕಾಲು ಪಾಲು ಹೋಗುವವರೆಗೂ ಅದು ಸರಿಯಾಗಿಯೇ ತೋರಿಸಬಹುದು. ಕೆಲವು ದಿನ ಬಿಟ್ಟು ಮತ್ತೆ ಮಾಡಿಸಿ.

ಆಮೇಲೆ ಸೊಂಟ ಮತ್ತು ಮಂಡಿಯ ಎಕ್ಸ್‌ರೇ. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂರದಿರುವುದು, ಮಂಡಿಯ ಒಳಗಿನ ಅಸ್ಥಿರಜ್ಜು ಹರಿಯುವುದು, ಬೆನ್ನುಮೂಳೆಯಲ್ಲಿ ನರ ಒತ್ತುವುದು ಮೂರೂ ಉಂಟು. ಹೊರಗಿನಿಂದ ಮೂರೂ "ಹಿಂಗಾಲು ಎಳೆಯುತ್ತಾನೆ" ಅಂತಲೇ ಕಾಣುತ್ತವೆ, ಚಿಕಿತ್ಸೆ ಒಂದೇ ಅಲ್ಲ.

ಕೀಲು ಸವೆತ ಅಂತಾದರೆ ನಾಯಿಗಳಿಗೆಂದೇ ಪರೀಕ್ಷಿಸಿದ ಮೆಲಾಕ್ಸಿಕಾಮ್, ಕಾರ್ಪ್ರೊಫೇನ್, ಫಿರೊಕಾಕ್ಸಿಬ್ ಇವೆ. ಇವೂ ಅಸೆಕ್ಲೊಫೆನಾಕ್ ಜಾತಿಯ ಔಷಧಿಗಳೇ. ಅಪಾಯ ಕಡಿಮೆ, ಇಲ್ಲವೆಂದಲ್ಲ. ಊಟದ ಜೊತೆ ಕೊಡಬೇಕು. ಊಟ ಬಿಟ್ಟರೆ, ವಾಂತಿಯಾದರೆ, ಮಲ ಕಪ್ಪಾದರೆ ಆ ಹೊತ್ತಿನ ಡೋಸ್ ಕೊಡದೆ ಫೋನ್ ಮಾಡಬೇಕು. ತಿಂಗಳುಗಟ್ಟಲೆ ಕೊಡುವುದಾದರೆ ಆಗಾಗ ರಕ್ತಪರೀಕ್ಷೆ. ಸ್ಟೀರಾಯ್ಡ್ ಜೊತೆ ಮಾತ್ರ ಯಾವತ್ತೂ ಕೊಡಬಾರದು. ಇಲ್ಲೊಂದು ತೊಂದರೆ ನಡೆಯುತ್ತದೆ. ಒಂದು ಕಡೆ ತುರಿಕೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಬರೆಸಿಕೊಂಡಿರುತ್ತಾರೆ, ವಾರದೊಳಗೆ ಇನ್ನೊಂದು ಕಡೆ ಕುಂಟುವುದಕ್ಕೆ ತೋರಿಸುತ್ತಾರೆ, ಮೊದಲಿನದನ್ನು ಹೇಳುವುದಿಲ್ಲ. ಬೇರೆಯವರ ಹತ್ತಿರ ಹೋಗಿದ್ದೆವು ಅಂದರೆ ನಮಗೆ ಬೇಜಾರಿಲ್ಲ, ಹಳೆ ಚೀಟಿ ತನ್ನಿ. ಈ ಜಾತಿಯ ಔಷಧಿ ಆಗದ ನಾಯಿಗಳಿಗೆ, ನರದ ನೋವಿದ್ದಾಗಲೂ, ಗ್ಯಾಬಪೆಂಟಿನ್ ಉಪಯೋಗಕ್ಕೆ ಬರುತ್ತದೆ. ಸ್ವಲ್ಪ ಮಂಕು ಬರಬಹುದು, ಕಾಲು ತಡವರಿಸಬಹುದು. ಟ್ರಮಾಡಾಲ್ ಮಾತ್ರೆಯನ್ನು ಹಿಂದೆ ಬಹಳ ಬರೆಯುತ್ತಿದ್ದರು. ನಾಯಿಗಳ ಕೀಲು ಸವೆತಕ್ಕೆ ಅದನ್ನೊಂದೇ ನಂಬಿ ಪ್ರಯೋಜನವಿಲ್ಲ ಎನ್ನುವುದು ಈಗಿನ ತಿಳಿವಳಿಕೆ, ನನ್ನ ಅನುಭವವೂ ಅದೇ.

ಇಷ್ಟೆಲ್ಲದರ ಜೊತೆ ಯಾರಿಗೂ ಇಷ್ಟವಾಗದ ಒಂದು ಔಷಧಿ ಇದೆ, ತೂಕ ಇಳಿಸುವುದು. ನೀವು ಕಳಿಸಿದ ಫೋಟೋದಲ್ಲಿ ಜಿಮ್ಮಿಗೆ ಸೊಂಟವೇ ಕಾಣುತ್ತಿಲ್ಲ. 30 ಕೆ.ಜಿ. ಇರಬೇಕಾದ ನಾಯಿ ಅದು ಅನ್ನಿಸುತ್ತದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಹುಟ್ಟಿನಿಂದ ಸಾವಿನವರೆಗೆ ಗಮನಿಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಾಲು ಭಾಗ ಕಡಿಮೆ ಊಟ ಮಾಡಿದ ನಾಯಿಗಳು ಸುಮಾರು ಎರಡು ವರ್ಷ ಜಾಸ್ತಿ ಬದುಕಿದವು, ಕೀಲು ಸವೆತಕ್ಕೆ ಚಿಕಿತ್ಸೆ ಬೇಕಾಗಿದ್ದೂ ತಡವಾಗಿ. ನಮ್ಮ ಮಂಡ್ಯದ ಮನೆಗಳಲ್ಲಿ ನಾಯಿಗೂ ಎರಡು ಮುದ್ದೆ, ಮೇಲೆ ಹಾಲು, ಭಾನುವಾರ ಬಾಡಿನ ಕೊಬ್ಬು. ಪ್ರೀತಿಯೇ, ಒಪ್ಪುತ್ತೇನೆ. ಒಂದು ಮುದ್ದೆ ಕಡಿಮೆ ಮಾಡಿ, ಕೊಬ್ಬು ನಿಲ್ಲಿಸಿ, ಬೇಯಿಸಿದ ಕುಂಬಳಕಾಯಿ, ಬೀನ್ಸ್ ಸೇರಿಸಿ. ನುಣುಪಾದ ಟೈಲ್ಸ್ ಮೇಲೆ ಅವನು ಓಡಾಡುವ ಕಡೆ ಗೋಣಿಚೀಲವನ್ನೋ ರಬ್ಬರ್ ಮ್ಯಾಟನ್ನೋ ಹಾಸಿ. ಒಂದು ಉದ್ದ ವಾಕಿಂಗ್ ಬದಲು ಎರಡು ಮೂರು ಚಿಕ್ಕ ಸುತ್ತು, ಚೆಂಡು ಎಸೆದು ಓಡಿಸುವುದು ಬೇಡ. ಈಜು ಕೀಲಿಗೆ ಒಳ್ಳೆಯದು ಅಂತ ಯಾರೋ ಹೇಳಿದರೆಂದು ವಿ.ಸಿ. ನಾಲೆಗೆ ಮಾತ್ರ ಇಳಿಸಬೇಡಿ. ಆ ಸೆಳೆತ ಮನುಷ್ಯರನ್ನೇ ಬಿಡುವುದಿಲ್ಲ.

ಚಿನ್ನುವಿನ ಕಾಲು ಮುರಿದಿದೆಯೋ ಉಳುಕಿದೆಯೋ ಎಕ್ಸ್‌ರೇಯಲ್ಲೇ ತಿಳಿಯಬೇಕು. ಎತ್ತರದಿಂದ ಬಿದ್ದ ಬೆಕ್ಕಿಗೆ ಎದೆಗೂ ಪೆಟ್ಟಾಗಿರಬಹುದು, ಉಸಿರಾಟ ನೋಡಿಸಿ. ನೋವಿಗೆ ಆಸ್ಪತ್ರೆಯಲ್ಲಿ ಬ್ಯುಟಾರ್ಫನಾಲ್ ತರಹದ ಇಂಜೆಕ್ಷನ್ ಕೊಡಬಹುದು. ಮೂತ್ರಪಿಂಡ ಚೆನ್ನಾಗಿದ್ದರೆ ಮೆಲಾಕ್ಸಿಕಾಮ್ ಅನ್ನು ಬೆಕ್ಕಿನ ಪ್ರಮಾಣದಲ್ಲಿ, ಅದೂ ಸ್ವಲ್ಪ ದಿನಕ್ಕೆ. ಜಿಮ್ಮಿಗೆ ಮುಂದೆ ಬರೆದುಕೊಡುವ ಬಾಟಲಿಯಿಂದ ಇದಕ್ಕೂ ಎರಡು ಹನಿ ಹಾಕುವ ಯೋಚನೆ ಬೇಡ.

ಕರೆದುಕೊಂಡು ಹೋಗುವಾಗ ರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಟವೆಲ್ ಹಾಸಿ ಕೂರಿಸಿ. ನೋವಿರುವ ಕಾಲನ್ನು ನೀವೇ ಎಳೆದು ಕಟ್ಟಬೇಡಿ. ಅರಿವಳಿಕೆ ಕೊಟ್ಟು ಎಕ್ಸ್‌ರೇ ತೆಗೆಯಬೇಕಾಗಬಹುದು. ಹೊರಡುವ ಮುಂಚೆ ಫೋನ್ ಮಾಡಿ ಊಟ ಹಾಕಬಹುದೇ ಅಂತ ಕೇಳಿಕೊಳ್ಳಿ. ಮಂಡ್ಯದಲ್ಲಿ ರಾತ್ರಿ ಹೊತ್ತು ವೈದ್ಯರು ಸಿಗದಿದ್ದರೆ ಮೈಸೂರಿಗೆ 45 ಕಿ.ಮೀ. ಅಲ್ಲಿ ಯಾವ ಆಸ್ಪತ್ರೆ ರಾತ್ರಿ ತೆರೆದಿರುತ್ತದೆ ಅಂತ ಹಗಲಲ್ಲೇ ವಿಚಾರಿಸಿ ನಂಬರ್ ಬರೆದಿಟ್ಟುಕೊಳ್ಳಿ.